ಯೀಸ್ಟ್ ಜೀನೋಮಿನ ಅನೊಟೇಶನ್ ತಿದ್ದುವ ಬಗೆ: ಕಳ್ಳಿನ ಯೀಸ್ಟಿನಿಂದ ರೆಫರೆನ್ಸ್ ತಳಿಯವರೆಗೆ

ಬೇಕರಿ ಯೀಸ್ಟ್, ಅಂದರೆ ಸ್ಯಾಕರೊಮೈಸಿಸ್ ಸೆರೆವಿಸಿಯೆ, 1996ರಲ್ಲಿ ಪೂರ್ತಿ ಜೀನೋಮ್ ಓದಿ ಮುಗಿದ ಮೊದಲ ಯೂಕ್ಯಾರಿಯೋಟ್ (ಕೋಶದಲ್ಲಿ ನ್ಯೂಕ್ಲಿಯಸ್ ಇರುವ) ಜೀವಿ. 16 ಕ್ರೋಮೋಸೋಮ್, ಸುಮಾರು 1.2 ಕೋಟಿ ಬೇಸ್, ಅಂದರೆ ಡಿಎನ್‌ಎ ಅಕ್ಷರ. ಇಷ್ಟು ವರ್ಷಗಳಲ್ಲಿ ಸಾವಿರಾರು ಜನ ಕೈಯಾಡಿಸಿದ್ದಾರೆ. ಆದರೂ ಯಾವ ಜೀನ್ ಎಲ್ಲಿಂದ ಶುರು, ಎಲ್ಲಿ ಕೊನೆ, ಅದರ ಕೆಲಸವೇನು ಎಂಬ ವಿವರಗಳು ಇವತ್ತಿಗೂ ಬದಲಾಗುತ್ತಲೇ ಇವೆ. ಈ ವಿವರಗಳಿಗೇ ಅನೊಟೇಶನ್ ಎನ್ನುವುದು. ಜೀನೋಮಿನ ಅಕ್ಷರಗಳು ಯಂತ್ರ ಓದಿದ ಸಂಗತಿ. ಅನೊಟೇಶನ್ ಹಾಗಲ್ಲ, ಅದು ಮನುಷ್ಯರು ಪುರಾವೆ ನೋಡಿ ಮಾಡಿದ ತೀರ್ಮಾನ. ಒಳ್ಳೆಯ ಪುರಾವೆ ಬಂದಾಗ ತೀರ್ಮಾನ ಬದಲಿಸಬೇಕು. ಪುರಾವೆ ಇಲ್ಲದೆ ಒಂದು ಬೇಸ್ ಕೂಡ ಅತ್ತಿತ್ತ ಸರಿಸಬಾರದು. ಈ ಲೇಖನದ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಮಂಗಳೂರು, ಉಡುಪಿ ಕಡೆಯ ಎಂಎಸ್ಸಿ ಅಥವಾ ಪಿಎಚ್‌ಡಿ ವಿದ್ಯಾರ್ಥಿಗೆ ಈ ಕೆಲಸ ಎರಡು ದಾರಿಯಲ್ಲಿ ಎದುರಾಗುತ್ತದೆ. ಒಂದು, ಕಳ್ಳು ಇಳಿಸುವ ಮೂರ್ತೆದಾರರಿಂದ ತಂದ ಕಳ್ಳಿನಿಂದಲೋ ಕಳ್ಳು ಹಾಕಿ ಹುದುಗಿಸಿದ ಸಾನ್ನಾಂ (ಇಡ್ಲಿಯಂಥ ತಿಂಡಿ) ಹಿಟ್ಟಿನಿಂದಲೋ ಯೀಸ್ಟ್ ಬೇರ್ಪಡಿಸಿ, ಅದರ ಜೀನೋಮ್ ಓದಿಸಿ, ಜೀನ್ ಗುರುತಿಸುವುದು. ಇನ್ನೊಂದು, ಜಗತ್ತೆಲ್ಲ ಬಳಸುವ ರೆಫರೆನ್ಸ್ ತಳಿ ಎಸ್288ಸಿಯಲ್ಲೇ ಒಂದು ಜೀನಿನ ಗಡಿ ತಪ್ಪಾಗಿದೆ ಎಂದು ಕಂಡುಬಂದು ಅದನ್ನು ತಿದ್ದಿಸುವುದು. ಸಲಕರಣೆ ಎರಡಕ್ಕೂ ಒಂದೇ. ಯೀಸ್ಟ್ ಜೀನೋಮ್ ಚಿಕ್ಕದಾದ್ದರಿಂದ 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಇಲ್ಲಿ ಹೇಳಿದ ಹೆಚ್ಚಿನ ಕೆಲಸ ಮುಗಿಯುತ್ತದೆ. ಲಿನಕ್ಸ್ ಇದ್ದರೆ ಸಲೀಸು.

ಯಾವ ಆವೃತ್ತಿ ಎಂದು ಮೊದಲು ಬರೆದಿಟ್ಟುಕೊಳ್ಳಿ

ರೆಫರೆನ್ಸ್ ಜೀನೋಮನ್ನು ಸ್ಟ್ಯಾನ್‌ಫರ್ಡ್‌ನ ಸ್ಯಾಕರೊಮೈಸಿಸ್ ಜೀನೋಮ್ ಡೇಟಾಬೇಸ್, ಅಂದರೆ ಎಸ್‌ಜಿಡಿ, ನೋಡಿಕೊಳ್ಳುತ್ತದೆ. 2011ರಲ್ಲಿ ಎಸ್288ಸಿಯನ್ನು ಮತ್ತೆ ಓದಿಸಿ ಹೊರತಂದ ಅಕ್ಷರಮಾಲೆಗೆ ಆರ್64 ಎಂದು ಹೆಸರು. ಅದರ ಮುಂದೆ ಅಡ್ಡಗೆರೆ ಹಾಕಿ ಬರುವ ಅಂಕಿಗಳು ಅನೊಟೇಶನ್ ಬದಲಾದದ್ದನ್ನು ಹೇಳುತ್ತವೆ. ಮೊದಲ ಅಂಕಿ 64 ಇರುವಷ್ಟು ಕಾಲ ಅಕ್ಷರಗಳು ಅವೇ. ಅಂದರೆ ಆರ್64-1-1 ಮತ್ತು ಆರ್64-4-1 ಇವುಗಳ ಫಾಸ್ಟಾ (ಬರೇ ಅಕ್ಷರಗಳಿರುವ ಫೈಲ್) ಒಂದೇ, ಜೀನ್‌ಗಳ ವಿವರ ಬೇರೆ. ಒಬ್ಬರು ಒಂದು ಆವೃತ್ತಿಯ ಜಿಎಫ್‌ಎಫ್ (ಜೀನ್‌ಗಳ ಗಡಿ ಬರೆದಿಡುವ ಫೈಲ್) ಇಟ್ಟುಕೊಂಡು ಇನ್ನೊಬ್ಬರ ಪಟ್ಟಿಯ ಜೊತೆ ತಾಳೆ ನೋಡಿದರೆ, ಎಂದೋ ತಿದ್ದಿ ಮುಗಿದಿರುವ ತಪ್ಪನ್ನು ಹೊಸದಾಗಿ ಕಂಡುಹಿಡಿದಂತೆ ಆಗುತ್ತದೆ.

ಕ್ರೋಮೋಸೋಮಿನ ಹೆಸರಿನಲ್ಲೂ ಗೋಜಲಿದೆ. ಎನ್ಸೆಂಬಲ್ ಡೇಟಾಬೇಸ್ ಬರೇ ರೋಮನ್ ಅಂಕಿ ಬಳಸುತ್ತದೆ. ಎಸ್‌ಜಿಡಿ ಮತ್ತು ಯುಸಿಎಸ್‌ಸಿ ಅದಕ್ಕೂ ಮೊದಲು ‘ಸಿಎಚ್‌ಆರ್’ ಸೇರಿಸುತ್ತವೆ. ಎನ್‌ಸಿಬಿಐಯ ರೆಫ್‌ಸೀಕ್ ‘ಎನ್‌ಸಿ_001133’ ರೀತಿಯ ಸಂಖ್ಯೆ ಕೊಡುತ್ತದೆ. ಮೈಟೊಕಾಂಡ್ರಿಯದ ಹೆಸರಂತೂ ಒಂದೊಂದು ಕಡೆ ಒಂದೊಂದು. ಹೆಸರು ಹೊಂದದಿದ್ದರೆ ಹಲವು ಪ್ರೋಗ್ರಾಮುಗಳು ದೋಷ ತೋರಿಸುವುದೇ ಇಲ್ಲ, ಸುಮ್ಮನೆ ಖಾಲಿ ಫಲಿತಾಂಶ ಕೊಟ್ಟು ಮುಗಿಸುತ್ತವೆ. ರೋಮನ್ ಅಂಕಿಯನ್ನು ಅಕಾರಾದಿಯಾಗಿ ಜೋಡಿಸಿದರೆ 9ನೇ ಕ್ರೋಮೋಸೋಮ್ 4ರ ನಂತರ, 5ಕ್ಕಿಂತ ಮುಂಚೆ ಬಂದು ಕೂರುತ್ತದೆ. ಗಡಿಪಟ್ಟಿ ಹೋಲಿಸುವ ಬೆಡ್‌ಟೂಲ್ಸ್ ‘ಫೈಲ್ ಕ್ರಮದಲ್ಲಿಲ್ಲ’ ಎಂದು ಹಟ ಹಿಡಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಎಸ್‌ಜಿಡಿಯ ಜಿಎಫ್‌ಎಫ್ ಫೈಲಿನ ಕೊನೆಯಲ್ಲಿ ಇಡೀ ಜೀನೋಮಿನ ಫಾಸ್ಟಾ ಅಂಟಿಕೊಂಡಿರುತ್ತದೆ. ಕೆಲವು ಉಪಕರಣಗಳಿಗೆ ಅದು ಜೀರ್ಣವಾಗುವುದಿಲ್ಲ, ಬೇರೆ ಮಾಡಿ ಇಟ್ಟುಕೊಳ್ಳಿ. ಡೌನ್‌ಲೋಡ್ ಆದ ಮೇಲೆ ಎಂಡಿ5 (ಫೈಲ್ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಿ. ಜೂನ್‌, ಜುಲೈಯ ಮಳೆಗೆ ಕರೆಂಟು ಹೋಗಿ ಬಂದು ಅರ್ಧಕ್ಕೆ ನಿಂತ ಫೈಲು, ನೋಡಲು ಸರಿಯಾಗಿಯೇ ಇದ್ದು, 12ನೇ ಕ್ರೋಮೋಸೋಮಿನ ನಡುವೆ ಮುಗಿದಿರಬಹುದು.

ಇನ್ನೊಂದು ಎಚ್ಚರಿಕೆ: ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯಬೇಡಿ. ಯೀಸ್ಟಿನಲ್ಲಿ ‘ಒಸಿಟಿ1’ ಎಂಬ ಜೀನ್ ಇದೆ. ಎಕ್ಸೆಲ್ ಅದನ್ನು ಅಕ್ಟೋಬರ್ 1 ಮಾಡಿಬಿಡುತ್ತದೆ. ಆ ಕಾಲಂ ‘ಟೆಕ್ಸ್ಟ್’ ಎಂದು ಮೊದಲೇ ಹೇಳಿ ಆಮೇಲೆ ಆಮದು ಮಾಡಿ.

ಹೆಸರು ಓದಲು ಕಲಿಯಿರಿ

ವೈಎಫ್‌ಎಲ್039ಸಿ ಎಂಬ ಹೆಸರಿನಲ್ಲಿ ವಿಳಾಸವೇ ಇದೆ. ‘ವೈ’ ಯೀಸ್ಟ್. ‘ಎಫ್’ ಆರನೇ ಅಕ್ಷರ, ಆದ್ದರಿಂದ 6ನೇ ಕ್ರೋಮೋಸೋಮ್. ‘ಎಲ್’ ಎಂದರೆ ಎಡತೋಳು, ಬಲವಾದರೆ ‘ಆರ್’. 039 ಎಂದರೆ ಸೆಂಟ್ರೊಮಿಯರಿನಿಂದ ಹೊರಕ್ಕೆ ಎಣಿಸಿದ ಕ್ರಮಸಂಖ್ಯೆ. ‘ಸಿ’ ಎಂದರೆ ಕ್ರಿಕ್ ಎಳೆ, ಇನ್ನೊಂದಕ್ಕೆ ‘ಡಬ್ಲ್ಯೂ’, ವಾಟ್ಸನ್. ಮೊದಲ ಎಣಿಕೆ ಮುಗಿದ ಮೇಲೆ ಎರಡು ಜೀನ್‌ಗಳ ನಡುವೆ ಹೊಸದು ಸಿಕ್ಕಿದರೆ ಅಡ್ಡಗೆರೆ ಹಾಕಿ ‘ಎ’, ‘ಬಿ’ ಸೇರಿಸುತ್ತಾರೆ. ಗಡಿ ತಿದ್ದಿದರೂ ಈ ಹೆಸರು ಬದಲಾಗುವುದಿಲ್ಲ. ಬದಲಾಯಿಸಲು ಹೋಗಲೂಬೇಡಿ, ಹಳೆಯ ಪ್ರಬಂಧಗಳಿಗೆ ಇರುವ ಕೊಂಡಿ ಇದೊಂದೇ.

ಒಂದು ಜೀನನ್ನು ಬೆರಳಿಟ್ಟು ಓದೋಣ

ಮೇಲೆ ಹೇಳಿದ ವೈಎಫ್‌ಎಲ್039ಸಿಯ ಬಳಕೆಯ ಹೆಸರು ಎಸಿಟಿ1. ಆಕ್ಟಿನ್ ಪ್ರೋಟೀನಿನ ಜೀನ್ ಇದು. ಗಡಿ ತಿದ್ದುವ ಕೆಲಸಕ್ಕೆ ಇಳಿಯುವ ಮುಂಚೆ ಇದನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ. ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿಹೋಗುವ ನಡುವಿನ ಭಾಗ), ಕ್ರಿಕ್ ಎಳೆ, ಫೇಸ್ ಮೂರೂ ಇದರಲ್ಲಿವೆ. ಜನ ಎಡವುವುದೂ ಈ ಮೂರರಲ್ಲೇ.

ಆರ್64ರಲ್ಲಿ ಇದು 6ನೇ ಕ್ರೋಮೋಸೋಮಿನ 53260ರಿಂದ 54696ರವರೆಗೆ ಇದೆ. ಕ್ರಿಕ್ ಎಳೆಯಾದ್ದರಿಂದ ಜೀನ್ ಶುರುವಾಗುವುದು ದೊಡ್ಡ ಸಂಖ್ಯೆಯಿಂದ. ಆದರೆ ಜಿಎಫ್‌ಎಫ್3ರಲ್ಲಿ ಯಾವ ಎಳೆಯಾದರೂ ಚಿಕ್ಕ ಸಂಖ್ಯೆಯೇ ಶುರುವಿನ ಕಾಲಂನಲ್ಲಿ, ಅಂದರೆ 4ನೇ ಕಾಲಂನಲ್ಲಿ, ಬರಬೇಕು. ತಿರುಗಿಸಿ ಬರೆದರೆ ಫೈಲ್ ಕೆಡುತ್ತದೆ.

ಮೊದಲ ಕೋಡಿಂಗ್ (ಪ್ರೋಟೀನಾಗಿ ಅನುವಾದವಾಗುವ) ತುಂಡು 54687–54696, ಬರೇ 10 ಬೇಸ್: ಎಟಿಜಿ, ಜಿಎಟಿ, ಟಿಸಿಟಿ, ಮತ್ತೊಂದು ಜಿ. ಬಳಿಕ 54378ರಿಂದ 54686ರವರೆಗೆ 309 ಬೇಸಿನ ಇಂಟ್ರಾನ್. ಆಮೇಲೆ 53260–54377, ಅಂದರೆ 1,118 ಬೇಸ್. 10 ಮತ್ತು 1,118 ಸೇರಿ 1,128. ಮೂರು ಬೇಸಿಗೆ ಒಂದು ಕೋಡಾನ್, ಆದ್ದರಿಂದ ಮೂರರಿಂದ ಭಾಗಿಸಿದರೆ 376. ಅದರಲ್ಲಿ ಕೊನೆಯದು ಸ್ಟಾಪ್ ಕೋಡಾನ್, ಉಳಿದದ್ದು 375 ಅಮೈನೋ ಆಮ್ಲ. ಲೆಕ್ಕ ಸರಿಹೋಯಿತು.

ಈಗ ಫೇಸ್. ಜಿಎಫ್‌ಎಫ್‌ನ 8ನೇ ಕಾಲಂ ಕೇಳುವುದು ‘ಈ ತುಂಡಿನ ಮೊದಲಲ್ಲಿ ಎಷ್ಟು ಬೇಸ್ ಬಿಟ್ಟರೆ ಮುಂದಿನ ಕೋಡಾನ್ ಶುರುವಾಗುತ್ತದೆ’ ಎಂದು. ಮೊದಲ ತುಂಡಿನಲ್ಲಿ ಮೂರು ಕೋಡಾನ್ ಮುಗಿದು ಒಂದು ಜಿ ಉಳಿದಿದೆ. ಆ ಕೋಡಾನ್ ತುಂಬಲು ಎರಡನೇ ತುಂಡಿನಿಂದ ಎರಡು ಬೇಸ್, ಎ ಮತ್ತು ಜಿ, ಬೇಕು. ಆದ್ದರಿಂದ ಎರಡನೇ ತುಂಡಿನ ಫೇಸ್ 2. ಹಿಂದಿನ ತುಂಡಿನಲ್ಲಿ ಉಳಿದದ್ದು ಒಂದಲ್ಲವೇ ಎಂದು 1 ಬರೆಯುವುದು ಬಹಳ ಮಾಮೂಲು ತಪ್ಪು. ಹಾಗೆ ಬರೆದರೆ ಫೇಸ್ ನೋಡಿ ಅನುವಾದಿಸುವ ಉಪಕರಣ ಇಂಟ್ರಾನಿನ ನಂತರದ ಪ್ರೋಟೀನನ್ನೆಲ್ಲ ಕಲಸುಮೇಲೋಗರ ಮಾಡಿಡುತ್ತದೆ. ಫೇಸ್ ನೋಡದೆ ತುಂಡು ಜೋಡಿಸಿ ಅನುವಾದಿಸುವ ಉಪಕರಣಕ್ಕೆ ಏನೂ ಆಗದು. ಹಾಗಾಗಿ ಒಂದು ಕಡೆ ಸರಿ ಬಂತು ಎಂದು ನಂಬಿ ಕೂರಬೇಡಿ.

ಬ್ರೌಸರಿನಲ್ಲಿ ನೋಡುವಾಗ ಪರದೆ ತೋರಿಸುವುದು ವಾಟ್ಸನ್ ಎಳೆ. ಆದ್ದರಿಂದ ಎಸಿಟಿ1ರ ಎಟಿಜಿ ಅಲ್ಲಿ 54694–54696ರಲ್ಲಿ ‘ಸಿಎಟಿ’ ಆಗಿ ಕಾಣುತ್ತದೆ. ಇಂಟ್ರಾನಿನ ಮೊದಲ ಆರು ಅಕ್ಷರ ಜಿಟಿಎಟಿಜಿಟಿ, ಅದು 54681–54686ರಲ್ಲಿ ‘ಎಸಿಎಟಿಎಸಿ’ ಆಗಿ ಕಾಣುತ್ತದೆ. ಸ್ಟಾಪ್ ಕೋಡಾನ್ ಟಿಎಎ 53260–53262ರಲ್ಲಿ ‘ಟಿಟಿಎ’ ಆಗಿ. ಈ ತಲೆಕೆಳಗಿನ ಓದು ರೂಢಿಯಾಗುವವರೆಗೆ ಕಾಗದದ ಮೇಲೆ ಬರೆದು ನೋಡುವುದೇ ಒಳ್ಳೆಯದು.

ಇದೇ ಜೀನನ್ನು ಬೆಡ್ ಫೈಲಿನಲ್ಲಿ ಬರೆಯುವಾಗ ಶುರು 53259, ಕೊನೆ 54696. ಬೆಡ್ ಸೊನ್ನೆಯಿಂದ ಎಣಿಸುತ್ತದೆ, ಜಿಎಫ್‌ಎಫ್ ಒಂದರಿಂದ. ಜಿಟಿಎಫ್‌ನಲ್ಲಿ ಇನ್ನೊಂದು ಪೇಚು: ಅಲ್ಲಿ ಸಿಡಿಎಸ್ (ಕೋಡಿಂಗ್ ಭಾಗ) ಸಾಲಿಗೆ ಸ್ಟಾಪ್ ಕೋಡಾನ್ ಸೇರುವುದಿಲ್ಲ. ಆದ್ದರಿಂದ ಅದು 53263ಕ್ಕೆ ನಿಲ್ಲಬೇಕು. ಎರಡು ಅನೊಟೇಶನ್ ಹೋಲಿಸಿದಾಗ ಜೀನೋಮಿನಾದ್ಯಂತ ಎಲ್ಲ ಜೀನ್‌ಗಳೂ 3 ಬೇಸ್ ಅಥವಾ 1 ಬೇಸ್ ವ್ಯತ್ಯಾಸ ತೋರಿಸಿದರೆ ಅದು ಜೀವಶಾಸ್ತ್ರವಲ್ಲ, ಫೈಲ್ ಪರಿವರ್ತನೆಯ ದೋಷ.

ಶಂಕಿತರ ಪಟ್ಟಿ ತಯಾರಿಸಿ

ಎಲ್ಲ ಜೀನ್‌ಗಳನ್ನೂ ಕಣ್ಣಲ್ಲಿ ನೋಡಲು ಆಗದು. ಮೊದಲು ಜೀನೋಮ್‌ಟೂಲ್ಸ್‌ನ ಜಿಎಫ್‌ಎಫ್3 ವ್ಯಾಲಿಡೇಟರಿನಿಂದ ಫೈಲಿನ ವ್ಯಾಕರಣ ನೋಡಿ. ನಂತರ ಜಿಎಫ್‌ಎಫ್‌ರೀಡ್ ಬಳಸಿ ಎಲ್ಲ ಸಿಡಿಎಸ್‌ಗಳನ್ನು ಪ್ರೋಟೀನಾಗಿ ಅನುವಾದಿಸಿ. ಉದ್ದ ಮೂರರಿಂದ ಭಾಗವಾಗದವು, ಎಟಿಜಿಯಿಂದ ಶುರುವಾಗದವು, ಸ್ಟಾಪ್‌ನಲ್ಲಿ ಮುಗಿಯದವು, ನಡುವೆ ಸ್ಟಾಪ್ ಇರುವವು, ಈ ನಾಲ್ಕು ಬಗೆಯವನ್ನು ಬೇರೆ ಮಾಡಿ.

ಪಟ್ಟಿಗೆ ಬಂದದ್ದೆಲ್ಲ ತಪ್ಪಲ್ಲ, ಇದು ಮುಖ್ಯ. ಮೈಟೊಕಾಂಡ್ರಿಯದ ಜೀನ್‌ಗಳನ್ನು ಮಾಮೂಲು ಕೋಡ್‌ನಲ್ಲಿ ಅನುವಾದಿಸಿದರೆ ನಡುನಡುವೆ ಸ್ಟಾಪ್ ಬರುತ್ತದೆ. ಅಲ್ಲಿ ಟಿಜಿಎ ಎಂದರೆ ಟ್ರಿಪ್ಟೊಫ್ಯಾನ್, ಕೋಷ್ಟಕ ಸಂಖ್ಯೆ 3 ಬಳಸಬೇಕು. ಇಎಸ್‌ಟಿ3, ಒಎಝಡ್1, ಎಬಿಪಿ140 ಜೀನ್‌ಗಳಲ್ಲಿ ರೈಬೋಸೋಮ್ ಒಂದು ಬೇಸ್ ಮುಂದಕ್ಕೆ ಜಿಗಿದು ಓದುತ್ತದೆ. ಇದು ಜೀವಕೋಶದ ಉದ್ದೇಶಪೂರ್ವಕ ಕೆಲಸ. ಟಿವೈ1 ಅಂಶಗಳಲ್ಲೂ (ಜೀನೋಮಿನಲ್ಲಿ ನಕಲಾಗಿ ಬೇರೆ ಜಾಗಕ್ಕೆ ನುಗ್ಗುವ ಡಿಎನ್‌ಎ ತುಂಡುಗಳು) ಹೀಗೇ. ಇಂಥದ್ದನ್ನು ‘ಸರಿ’ ಮಾಡಿದರೆ ನಿಜವಾದ ಜೀವಶಾಸ್ತ್ರವನ್ನು ಅಳಿಸಿದಂತೆ.

ಸ್ಟಾರ್ಟ್ ಕೋಡಾನ್: ಹೆಚ್ಚಿನ ತಿದ್ದುಪಡಿ ಇಲ್ಲೇ

ಜೀನಿನ ಕೊನೆ ಗುರುತಿಸುವುದು ಸುಲಭ. ಫ್ರೇಮ್ (ಮೂರು ಮೂರು ಬೇಸಾಗಿ ಓದುವ ಸಾಲು) ಗೊತ್ತಿದ್ದರೆ ಮೊದಲ ಸ್ಟಾಪ್ ಸಿಕ್ಕಿದಲ್ಲಿ ಮುಗಿಯಿತು. ಶುರು ಹಾಗಲ್ಲ. ಒಂದೇ ಫ್ರೇಮಿನಲ್ಲಿ ಹಲವು ಎಟಿಜಿ ಇರುತ್ತವೆ. ಹಳೆಯ ಅನೊಟೇಶನ್‌ಗಳು ಹೆಚ್ಚಾಗಿ ಅತ್ಯಂತ ಮೇಲಿನ ಎಟಿಜಿಯನ್ನೇ ಆರಿಸಿದವು, ಓಆರ್‌ಎಫ್ (ಸ್ಟಾರ್ಟ್‌ನಿಂದ ಸ್ಟಾಪ್‌ವರೆಗೆ ತೆರೆದ ಫ್ರೇಮ್) ಉದ್ದವಾದಷ್ಟೂ ಒಳ್ಳೆಯದು ಎಂಬ ಲೆಕ್ಕದಲ್ಲಿ. ಅದು ಒಂದು ಊಹೆ, ಅಷ್ಟೆ. ಅದನ್ನು ಪರೀಕ್ಷಿಸಲು ನಾಲ್ಕು ಬಗೆಯ ಪುರಾವೆ ಇವೆ, ಒಂದೊಂದಕ್ಕೂ ಒಂದೊಂದು ತೂಕ.

ಮೊದಲನೆಯದು ಎಂಆರ್‌ಎನ್‌ಎ ಶುರುವಾಗುವ ಜಾಗ. ಎಂಆರ್‌ಎನ್‌ಎಯ 5 ಪ್ರೈಮ್ ತುದಿಯೇ ಗುರುತಿಸಿದ ಎಟಿಜಿಗಿಂತ ಕೆಳಗಿದ್ದರೆ, ಆ ಎಟಿಜಿ ರೈಬೋಸೋಮಿನ ಕೈಗೆ ಸಿಗುವುದೇ ಇಲ್ಲ. ಇದಕ್ಕಿಂತ ನೇರವಾದ ಪುರಾವೆ ಬೇರೊಂದಿಲ್ಲ. ಆದರೆ ಇದನ್ನು ನಿರ್ಧರಿಸಲು 5 ಪ್ರೈಮ್ ತುದಿಯನ್ನೇ ಹಿಡಿಯುವ ವಿಧಾನದ ದತ್ತಾಂಶ ಬೇಕು. ಮಾಮೂಲು ಆರ್‌ಎನ್‌ಎ-ಸೀಕ್‌ನಲ್ಲಿ ತುದಿಗೆ ಹೋದಂತೆ ರೀಡ್ (ಯಂತ್ರ ಓದಿದ ತುಂಡು) ಕಡಿಮೆಯಾಗುತ್ತಾ ಹೋಗುವುದರಿಂದ ಎಂಆರ್‌ಎನ್‌ಎ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಎರಡನೆಯದು ಸೋದರ ಜಾತಿಗಳ ಹೋಲಿಕೆ. ಸ್ಯಾಕರೊಮೈಸಿಸ್ ಪ್ಯಾರಡಾಕ್ಸಸ್, ಮಿಕಾಟೆ, ಯುವೇರಮ್ ಜಾತಿಗಳ ಅದೇ ಜಾಗವನ್ನು ಡಿಎನ್‌ಎ ಮಟ್ಟದಲ್ಲಿ ಒಂದರ ಕೆಳಗೊಂದು ಜೋಡಿಸಿ. ನಿಜವಾದ ಕೋಡಿಂಗ್ ಭಾಗದಲ್ಲಿ ಬೇಸ್ ಬಿಟ್ಟುಹೋಗಿದ್ದರೆ ಮೂರು, ಆರು, ಒಂಬತ್ತು ಹೀಗೆ ಮೂರರ ಲೆಕ್ಕದಲ್ಲೇ ಬಿಟ್ಟುಹೋಗಿರುತ್ತದೆ. ಮೊದಲ ಮತ್ತು ಎರಡನೇ ಎಟಿಜಿಗಳ ನಡುವೆ ಒಂದು, ಎರಡು ಬೇಸಿನ ಬಿರುಕುಗಳಿದ್ದು, ಎರಡನೇ ಎಟಿಜಿ ದಾಟಿದ ಮೇಲೆ ಮಾತ್ರ ಮೂರರ ಶಿಸ್ತು ಕಾಣಿಸಿದರೆ, ಪ್ರೋಟೀನ್ ಶುರುವಾಗುವುದು ಎರಡನೆಯದರಿಂದ. 2003ರಲ್ಲಿ ಈ ಹೋಲಿಕೆಯಿಂದಲೇ ಯೀಸ್ಟಿನ ಜೀನ್ ಪಟ್ಟಿ ದೊಡ್ಡ ಪ್ರಮಾಣದಲ್ಲಿ ಪರಿಷ್ಕೃತವಾಯಿತು. ದುಡ್ಡು ಖರ್ಚಿಲ್ಲದ ವಿಧಾನ ಇದು. ಲ್ಯಾಬಿನಲ್ಲಿ ಏನೂ ಇಲ್ಲದಿದ್ದರೂ ಇದನ್ನು ಮಾಡಲೇಬೇಕು.

ಮೂರನೆಯದು ರೈಬೋಸೋಮ್ ಪ್ರೊಫೈಲಿಂಗ್, ಅಂದರೆ ರೈಬೋಸೋಮ್ ಕೂತಿರುವ ಎಂಆರ್‌ಎನ್‌ಎ ತುಂಡುಗಳನ್ನು ಓದುವುದು. 2009ರಲ್ಲಿ ಈ ವಿಧಾನ ಯೀಸ್ಟಿನಲ್ಲೇ ಮೊದಲು ಬಂತು, ಆದ್ದರಿಂದ ಸಾರ್ವಜನಿಕ ದತ್ತಾಂಶಕ್ಕೆ ಬರವಿಲ್ಲ. ರೈಬೋಸೋಮ್ ಕಾಪಾಡಿದ ತುಂಡುಗಳು ಸುಮಾರು 28 ಬೇಸ್ ಉದ್ದ. ಅವುಗಳ 5 ಪ್ರೈಮ್ ತುದಿಯಿಂದ ಸುಮಾರು 12 ಬೇಸ್ ಒಳಗೆ ಪಿ-ಸೈಟ್ (ರೈಬೋಸೋಮಿನೊಳಗೆ ಕೋಡಾನ್ ಕೂರುವ ಜಾಗ) ಇಟ್ಟು ಎಣಿಸಿದರೆ ಮೂರು ಬೇಸಿಗೊಮ್ಮೆ ಏರಿಳಿತ ಕಾಣಬೇಕು. ಬರೇ ರೀಡ್ ಇವೆ ಎಂದರೆ ಸಾಲದು, ಈ ತಾಳ ಕಾಣಬೇಕು. ರೈಬೋಸೋಮನ್ನು ತಡೆಯುವ ಸೈಕ್ಲೊಹೆಕ್ಸಿಮೈಡ್ ಹಾಕಿ ತಯಾರಿಸಿದ ದತ್ತಾಂಶದಲ್ಲಿ ಜೀನಿನ ಶುರುವಿನಲ್ಲಿ ರೈಬೋಸೋಮ್ ಗುಂಪುಗೂಡುವುದು ಔಷಧಿಯ ಪರಿಣಾಮವೂ ಆಗಿರಬಹುದು. ಒಂದೇ ಪ್ರಯೋಗದ ಮೇಲೆ ಭಾರ ಹಾಕಬೇಡಿ.

ನಾಲ್ಕನೆಯದು ಪ್ರೋಟೀನಿನ ತುದಿಯ ಪೆಪ್ಟೈಡ್, ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ. ಟ್ರಿಪ್ಸಿನ್ ಲೈಸಿನ್ ಅಥವಾ ಆರ್ಜಿನಿನ್ ನಂತರ ಕತ್ತರಿಸುತ್ತದೆ. ಪೆಪ್ಟೈಡ್ ಅಂಥ ಜಾಗದಿಂದಲ್ಲದೆ ಒಂದು ಒಳಗಿನ ಮಿಥಿಯೊನಿನ್‌ನಿಂದಲೇ, ಅಥವಾ ಅದರ ಮರು ಅಕ್ಷರದಿಂದ, ಅಸಿಟೈಲ್ ಗುಂಪು ಹೊತ್ತು ಶುರುವಾದರೆ ಅದು ಪ್ರೋಟೀನಿನ ನಿಜವಾದ ತುದಿ. ಮರು ಅಕ್ಷರ ಗ್ಲೈಸಿನ್, ಅಲನಿನ್, ಸೆರಿನ್‌ನಂಥ ಚಿಕ್ಕದಾದರೆ ಮಿಥಿಯೊನಿನ್ ಕಳಚಿಹೋಗುವುದು ಸಹಜ. ಹುಡುಕಾಟದ ಸೆಟ್ಟಿಂಗ್‌ನಲ್ಲಿ ಇದಕ್ಕೆ ಅವಕಾಶ ಕೊಡದಿದ್ದರೆ ಸಿಗಬೇಕಾದ್ದು ಸಿಗುವುದಿಲ್ಲ.

ನಾಲ್ಕರಲ್ಲಿ ಎರಡು ಸ್ವತಂತ್ರ ಪುರಾವೆ ಒಂದೇ ಎಟಿಜಿಯ ಕಡೆ ಬೊಟ್ಟು ಮಾಡಿದರೆ ತಿದ್ದುಪಡಿ ಸೂಚಿಸಬಹುದು. ಆದರೆ ಕೈ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಎರಡೂ ಶುರುಗಳು ನಿಜವಾಗಿರಬಹುದೇ? ಎಸ್‌ಯುಸಿ2 ಜೀನ್ ಇನ್ವರ್ಟೇಸ್ ಕಿಣ್ವದ್ದು. ಇದರ ಉದ್ದದ ಎಂಆರ್‌ಎನ್‌ಎಯಿಂದ ಹೊರಗೆ ಸ್ರವಿಸುವ ಇನ್ವರ್ಟೇಸ್, ಗಿಡ್ಡದರಿಂದ ಕೋಶದೊಳಗೇ ಉಳಿಯುವ ಇನ್ವರ್ಟೇಸ್. ಎಚ್‌ಟಿಎಸ್1, ವಿಎಎಸ್1 ಜೀನ್‌ಗಳಲ್ಲಿ ಮೇಲಿನ ಎಟಿಜಿಯಿಂದ ಶುರುವಾದದ್ದು ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ, ಕೆಳಗಿನದು ಸೈಟೊಪ್ಲಾಸಂನಲ್ಲಿ ಉಳಿಯುತ್ತದೆ. ಎಎಲ್‌ಎ1ರ ಮೈಟೊಕಾಂಡ್ರಿಯ ರೂಪವಂತೂ ಎಟಿಜಿಯೇ ಅಲ್ಲದ ಎಸಿಜಿಯಿಂದ, ಜಿಆರ್‌ಎಸ್1ರದ್ದು ಟಿಟಿಜಿಯಿಂದ ಶುರುವಾಗುತ್ತದೆ. ಮೇಲಿನ ಎಟಿಜಿ ತೆಗೆದುಹಾಕಿದಾಗ ಕಳೆದುಹೋಗುವ 20–30 ಅಮೈನೋ ಆಮ್ಲಗಳಲ್ಲಿ ಆರ್ಜಿನಿನ್, ಸೆರಿನ್ ಹೆಚ್ಚಿದ್ದು, ಆಸ್ಪಾರ್ಟೇಟ್, ಗ್ಲುಟಮೇಟ್ ಇಲ್ಲವೇ ಇಲ್ಲ ಎಂದಾದರೆ ಅಲ್ಲೇ ನಿಲ್ಲಿ. ಅದು ಮೈಟೊಕಾಂಡ್ರಿಯಕ್ಕೆ ದಾರಿ ತೋರಿಸುವ ತುಂಡಾಗಿರಬಹುದು.

ಇಂಟ್ರಾನ್

ಯೀಸ್ಟಿನಲ್ಲಿ ಇಂಟ್ರಾನ್ ಇರುವ ಜೀನ್‌ಗಳು ಸುಮಾರು 280ರಿಂದ 300 ಮಾತ್ರ. ಅವುಗಳ ಗುರುತು ಗಟ್ಟಿ: ಶುರುವಿನಲ್ಲಿ ಜಿಟಿಎಟಿಜಿಟಿ, ಒಳಗೆ ಟಿಎಸಿಟಿಎಎಸಿ ಎಂಬ ಕವಲು ಬಿಂದು, ಕೊನೆಗೆ ಎಜಿ. ಆರ್‌ಎನ್‌ಎ-ಸೀಕ್ ರೀಡ್‌ಗಳನ್ನು ಹೈಸ್ಯಾಟ್2ರಲ್ಲಿ ಜೋಡಿಸುವಾಗ ಗರಿಷ್ಠ ಇಂಟ್ರಾನ್ ಉದ್ದವನ್ನು 2,000ಕ್ಕೆ ಇಳಿಸಿ. ಅದರ ಮೂಲ ಸೆಟ್ಟಿಂಗ್ 5 ಲಕ್ಷ, ಮನುಷ್ಯನ ಜೀನೋಮಿಗೆ ಹೊಂದುವಂಥದ್ದು. ಹಾಗೇ ಬಿಟ್ಟರೆ ಎಲ್ಲೋ ದೂರದ ಎರಡು ಟಿವೈ ಅಂಶಗಳ ನಡುವೆ ಇಲ್ಲದ ಇಂಟ್ರಾನ್ ಹುಟ್ಟಿಕೊಳ್ಳುತ್ತದೆ.

ಹೊಸ ಇಂಟ್ರಾನ್ ಒಪ್ಪಲು ಗಡಿ ದಾಟುವ ರೀಡ್‌ಗಳು ಬೇಕು, ಎರಡೂ ಬದಿಗೆ ಕನಿಷ್ಠ 8 ಬೇಸ್ ಚಾಚಿರಬೇಕು, ಒಂದಕ್ಕಿಂತ ಹೆಚ್ಚು ರೆಪ್ಲಿಕೇಟ್‌ಗಳಲ್ಲಿ ಕಾಣಬೇಕು. ಎಲ್ಲ ರೀಡ್‌ಗಳೂ ಒಂದೇ ಬಿಂದುವಿನಿಂದ ಶುರುವಾಗಿದ್ದರೆ ಅವು ಪಿಸಿಆರ್ ನಕಲುಗಳು, ಪುರಾವೆ ಒಂದೇ ಎಂದು ಲೆಕ್ಕ. ಗುರುತು ಇಲ್ಲದ ಇಂಟ್ರಾನ್ ತಪ್ಪೇ ಎಂದೂ ಅಲ್ಲ. ಎಚ್‌ಎಸಿ1 ಜೀನಿನ 252 ಬೇಸಿನ ಇಂಟ್ರಾನನ್ನು ಸ್ಪ್ಲೈಸೋಸೋಮ್ (ಮಾಮೂಲಾಗಿ ಇಂಟ್ರಾನ್ ಕತ್ತರಿಸುವ ಕೋಶದ ಯಂತ್ರ) ಮುಟ್ಟುವುದೇ ಇಲ್ಲ. ಅದನ್ನು ಐಆರ್‌ಇ1 ಕತ್ತರಿಸುತ್ತದೆ, ಟಿಆರ್‌ಎನ್‌ಎ ಲೈಗೇಸ್ ಜೋಡಿಸುತ್ತದೆ.

ಜೀನೇ ಅಲ್ಲದ ಓಆರ್‌ಎಫ್, ಒಂದಾಗಬೇಕಾದ ಎರಡು ಓಆರ್‌ಎಫ್

64 ಕೋಡಾನ್‌ಗಳಲ್ಲಿ 3 ಸ್ಟಾಪ್. ಅಕ್ಷರಗಳು ಸುಮ್ಮನೆ ಸಮನಾಗಿ ಬೆರೆತಿದ್ದರೂ 100 ಕೋಡಾನ್ ಉದ್ದಕ್ಕೆ ಸ್ಟಾಪ್ ಸಿಗದೆ ಸಾಗುವ ಸಾಧ್ಯತೆ ಶೇ. 0.8ರಷ್ಟು. ಒಂದು ಜಾಗದಲ್ಲಿ ಇದು ಸಣ್ಣ ಸಂಖ್ಯೆ, ಆರು ಫ್ರೇಮ್‌ಗಳಲ್ಲಿ 1.2 ಕೋಟಿ ಬೇಸ್ ಹುಡುಕಿದಾಗ ಸಣ್ಣದಲ್ಲ. ಮೊದಲ ಪಟ್ಟಿ ತಯಾರಿಸಿದಾಗ 100 ಕೋಡಾನ್ ಎಂಬ ಗೆರೆ ಎಳೆದಿದ್ದರಿಂದ ಇಂಥ ಎಷ್ಟೋ ಓಆರ್‌ಎಫ್‌ಗಳು ಜೀನ್ ಹೆಸರು ಪಡೆದವು. ನಿಜವಾದ ಎಷ್ಟೋ ಚಿಕ್ಕ ಜೀನ್‌ಗಳು ಹೊರಗೆ ಉಳಿದವು.

ಎಸ್‌ಜಿಡಿ ಇವನ್ನು ಮೂರು ವರ್ಗ ಮಾಡುತ್ತದೆ: ದೃಢಪಟ್ಟದ್ದು, ಗುಣ ತಿಳಿಯದ್ದು, ಸಂಶಯಾಸ್ಪದ. ಸಂಶಯಾಸ್ಪದವನ್ನೂ ಅಳಿಸುವುದಿಲ್ಲ, ಲೇಬಲ್ ಹಾಕಿ ಇಟ್ಟುಕೊಳ್ಳುತ್ತದೆ. ನಿಮ್ಮ ಫೈಲಿನಲ್ಲೂ ಹಾಗೇ ಮಾಡಿ. ಇಂಥ ಓಆರ್‌ಎಫ್ ದೃಢಪಟ್ಟ ಜೀನಿನ ಎದುರು ಎಳೆಯಲ್ಲಿ ಮಲಗಿದ್ದರೆ, ಅದನ್ನು ತೆಗೆದ ತಳಿ ಸರಿಯಾಗಿ ಬೆಳೆಯಲಿಲ್ಲ ಎಂಬುದು ಪುರಾವೆ ಆಗದು. ಕತ್ತರಿ ಬಿದ್ದದ್ದು ಪಕ್ಕದ ನಿಜವಾದ ಜೀನಿಗೂ ಹೌದು. ಆರ್‌ಎನ್‌ಎ ಸಿಕ್ಕಿತು ಎಂಬುದೂ ಸಾಲದು. ಯೀಸ್ಟ್ ಕೋಶ ಜೀನ್ ಇಲ್ಲದ ಕಡೆಯಿಂದಲೂ ಆರ್‌ಎನ್‌ಎ ತಯಾರಿಸುತ್ತದೆ. ಎಳೆ ತಿಳಿಯದ ಆರ್‌ಎನ್‌ಎ-ಸೀಕ್ ಈ ಕೆಲಸಕ್ಕೆ ಉಪಯೋಗವೇ ಇಲ್ಲ.

ಇನ್ನು ಜೋಡಣೆ. ಒಂದೇ ಎಳೆಯಲ್ಲಿ ಹಿಂದೆ ಮುಂದೆ ಇರುವ ಎರಡು ಓಆರ್‌ಎಫ್, ಸೋದರ ಜಾತಿಗಳಲ್ಲಿ ಒಂದೇ ಉದ್ದನೆಯ ಪ್ರೋಟೀನ್ ಆಗಿದ್ದರೆ ಮೂರು ಕಾರಣ ಇರಬಹುದು: ಅಕ್ಷರ ಓದಿದ್ದರಲ್ಲಿ ತಪ್ಪು, ಗಮನಿಸದ ಇಂಟ್ರಾನ್, ಇಲ್ಲವೇ ಫ್ರೇಮ್ ಜಿಗಿತ. ಎಬಿಪಿ140 ಮೊದಲು ವೈಒಆರ್239ಡಬ್ಲ್ಯೂ, ವೈಒಆರ್240ಡಬ್ಲ್ಯೂ ಎಂಬ ಎರಡು ಓಆರ್‌ಎಫ್ ಆಗಿತ್ತು. ಕಾರಣ ತಿಳಿಯಲು ಆ ಸಂಧಿಯ ಎರಡೂ ಬದಿಗೆ 20 ಬೇಸಿನ ಪ್ರೈಮರ್ ಹಾಕಿ 500 ಬೇಸ್ ಆಸುಪಾಸಿನ ತುಂಡು ಪಿಸಿಆರ್ ಮಾಡಿ, ಸ್ಯಾಂಗರ್ ವಿಧಾನದಲ್ಲಿ ಎರಡೂ ದಿಕ್ಕಿನಿಂದ ಓದಿಸಿ. ಸಂಶಯದ ಬೇಸ್ ಪ್ರೈಮರಿನಿಂದ ಕನಿಷ್ಠ 100 ಬೇಸ್ ದೂರ ಇರಲಿ, ಮೊದಲ 30–50 ಬೇಸ್ ಸ್ಪಷ್ಟವಾಗಿ ಬರುವುದಿಲ್ಲ. ಒಂದಾಗಿಸಿದ ಮೇಲೆ ಒಂದು ಹೆಸರು ಉಳಿಸಿ, ಇನ್ನೊಂದನ್ನು ಪರ್ಯಾಯ ಹೆಸರಾಗಿ ಸೇರಿಸಿ.

ನಮ್ಮೂರಿನ ಯೀಸ್ಟಿಗೆ

ಕಳ್ಳಿನಲ್ಲಿ ಸಿಗುವುದೆಲ್ಲ ಸೆರೆವಿಸಿಯೆ ಅಲ್ಲ. ಎನ್‌ಎಲ್1, ಎನ್‌ಎಲ್4 ಪ್ರೈಮರ್‌ಗಳಿಂದ ರೈಬೋಸೋಮ್ ಆರ್‌ಎನ್‌ಎ ಜೀನಿನ ಡಿ1/ಡಿ2 ಭಾಗದ ಸುಮಾರು 600 ಬೇಸ್ ಓದಿಸಿ ಜಾತಿ ಖಚಿತಪಡಿಸಿಕೊಳ್ಳಿ. ಕ್ಯಾಂಡಿಡಾ ಟ್ರಾಪಿಕಾಲಿಸ್‌ನಂಥ ಜಾತಿ ಆಗಿದ್ದರೆ ಸಿಟಿಜಿ ಕೋಡಾನ್ ಅಲ್ಲಿ ಲ್ಯೂಸಿನ್ ಅಲ್ಲ, ಸೆರಿನ್. ಕೋಡ್ ಕೋಷ್ಟಕವೇ ಬದಲಾಗುತ್ತದೆ, 12 ಬಳಸಬೇಕು.

ಜಾತಿ ಸೆರೆವಿಸಿಯೆಯೇ ಆದರೆ ಎಸ್288ಸಿಯ ಅನೊಟೇಶನನ್ನು ಲಿಫ್ಟಾಫ್ ಉಪಕರಣದಿಂದ ನಿಮ್ಮ ಜೀನೋಮಿಗೆ ವರ್ಗಾಯಿಸಬಹುದು. ಅದಕ್ಕೂ ಮುಂಚೆ, ಇರಲೇಬೇಕಾದ ಜೀನ್‌ಗಳು ಪೂರ್ತಿ ಇವೆಯೇ ಎಂದು ನೋಡುವ ಬುಸ್ಕೊ ಓಡಿಸಿ. ಸ್ಯಾಕರೊಮೈಸಿಟೀಸ್ ಒಡಿಬಿ10 ಪಟ್ಟಿಯಲ್ಲಿ 2,137 ಜೀನ್‌ಗಳಿವೆ. ಅದರಲ್ಲಿ ಬಹಳಷ್ಟು ತುಂಡಾಗಿ ಕಂಡರೆ ಅನೊಟೇಶನ್ ಬಿಡಿ, ಮೊದಲು ಅಸೆಂಬ್ಲಿ (ರೀಡ್ ಜೋಡಿಸಿ ಕಟ್ಟಿದ ಜೀನೋಮ್) ಸರಿಪಡಿಸಿ. ನ್ಯಾನೊಪೋರ್ ರೀಡ್‌ನಲ್ಲಿ ‘ಎಎಎಎಎಎ’ ತರಹದ ಸರಪಳಿಯ ಉದ್ದ ಒಂದು ಹೆಚ್ಚು ಕಡಿಮೆ ಆಗುವುದುಂಟು. ಇಲ್ಯುಮಿನಾ ರೀಡ್‌ಗಳಿಂದ ಪಾಲಿಶ್ ಮಾಡದಿದ್ದರೆ ನೂರಾರು ಜೀನ್ ಮುರಿದಂತೆ ಕಾಣುತ್ತವೆ. ನೂರಾರು ಜೀನ್ ಒಟ್ಟಿಗೆ ಮುರಿದ ಯೀಸ್ಟ್ ಬದುಕಿರುವುದಿಲ್ಲ.

ಲಿಫ್ಟಾಫ್ ಓಡಿಸುವಾಗ ‘ಪಾಲಿಶ್’ ಆಯ್ಕೆ ಕೊಡಿ. ಯಾವ ಜೀನಿಗೆ ಸ್ಟಾರ್ಟ್ ಇಲ್ಲ, ಯಾವುದಕ್ಕೆ ನಡುವೆ ಸ್ಟಾಪ್ ಇದೆ ಎಂದು ಅದೇ ಬರೆದುಕೊಡುತ್ತದೆ. ‘ಕಾಪೀಸ್’ ಆಯ್ಕೆಯನ್ನೂ ಕೊಡಿ, ಆದರೆ ಅದರ ಜೊತೆಗಿನ ಸಾಮ್ಯದ ಮಿತಿ ಮೂಲದಲ್ಲಿ 1.0 ಇರುತ್ತದೆ, ಅಂದರೆ ಅಕ್ಷರಶಃ ಒಂದೇ ಇರುವ ನಕಲು ಮಾತ್ರ ಸಿಗುತ್ತದೆ. 0.95ಕ್ಕೆ ಇಳಿಸಿ ನೋಡಿ. ಕಳ್ಳಿನ ಯೀಸ್ಟಿಗೆ ಇದು ತೀರಾ ಮುಖ್ಯ. ತಾಳೆ, ತೆಂಗಿನ ಸಿಹಿರಸದ ಸಕ್ಕರೆ ಬಹುಪಾಲು ಸುಕ್ರೋಸ್. ಅದನ್ನು ಒಡೆಯುವ ಎಸ್‌ಯುಸಿ ಜೀನ್‌ಗಳ ಸಂಖ್ಯೆ ತಳಿಯಿಂದ ತಳಿಗೆ ಬೇರೆ. ಎಸ್288ಸಿಯಲ್ಲಿ ಇರುವುದು ಎಸ್‌ಯುಸಿ2 ಒಂದೇ. ಹೆಚ್ಚಿನ ನಕಲುಗಳು ಕ್ರೋಮೋಸೋಮಿನ ತುದಿಗಳ ಹತ್ತಿರ ಕೂರುವುದರಿಂದ ಚಿಕ್ಕ ರೀಡ್‌ಗಳ ಅಸೆಂಬ್ಲಿಯಲ್ಲಿ ಎಲ್ಲ ಸೇರಿ ಒಂದಾಗಿ ಕುಸಿದಿರುತ್ತವೆ. ಆ ಜಾಗದಲ್ಲಿ ರೀಡ್ ಆಳ ಸುತ್ತಲಿನ ಎರಡು ಮೂರು ಪಟ್ಟು ಇದ್ದರೆ ಅದೇ ಸುಳಿವು.

ರೆಫರೆನ್ಸ್ ತಳಿಯೇ ಮುರಿದಿರುವ ಜಾಗಗಳೂ ಇವೆ. ಎಸ್288ಸಿಯ ಎಫ್‌ಎಲ್‌ಒ8 ಜೀನಿನ ನಡುವೆ ಸ್ಟಾಪ್ ಕೋಡಾನ್ ಇದೆ. ಆ ತಳಿ ಗುಂಪುಗಟ್ಟದೆ, ದಾರದಂತೆ ಬೆಳೆಯದೆ ಇರುವುದಕ್ಕೆ ಇದು ಕಾರಣ. ಎಚ್‌ಎಪಿ1ರ ಕೊನೆಯ ಭಾಗಕ್ಕೆ ಟಿವೈ1 ನುಗ್ಗಿದೆ. ನಿಮ್ಮ ತಳಿಯಲ್ಲಿ ಇವೆರಡೂ ಪೂರ್ತಿ ಇರಬಹುದು. ಹೀಗಾಗಿ ವರ್ಗಾವಣೆಯಾಗಿ ಬಂದ ಗಡಿಯನ್ನು ಹಾಗೇ ಒಪ್ಪದೆ, ನಿಮ್ಮ ಅಕ್ಷರಮಾಲೆಯಲ್ಲಿ ಫ್ರೇಮ್ ಎಲ್ಲಿಯವರೆಗೆ ತೆರೆದಿದೆ ಎಂದು ನೋಡಿ ಬರೆಯಿರಿ.

ಕಾಡಿನ, ಕಳ್ಳಿನ ತಳಿಗಳು ಹಲವು ಸಲ ಡಿಪ್ಲಾಯ್ಡ್, ಅಂದರೆ ಪ್ರತಿ ಕ್ರೋಮೋಸೋಮೂ ಎರಡೆರಡು. ನಡುವೆ ಸ್ಟಾಪ್ ಕಂಡ ಜೀನನ್ನು ಐಜಿವಿ ಬ್ರೌಸರಿನಲ್ಲಿ ತೆರೆದು ರೀಡ್ ಎಣಿಸಿ. ಅರ್ಧದಷ್ಟು ರೀಡ್‌ಗಳಲ್ಲಿ ಮಾತ್ರ ಸ್ಟಾಪ್ ಇದ್ದರೆ ಒಂದು ಅಲೀಲ್ ಮಾತ್ರ ಮುರಿದಿದೆ. ಅದನ್ನು ಸ್ಯೂಡೊಜೀನ್ (ಕೆಲಸ ಕಳೆದುಕೊಂಡ ಜೀನ್) ಎಂದು ಬರೆಯುವುದು ತಪ್ಪು.

ಹೆಸರು ಮತ್ತು ಕೆಲಸ

ಯೀಸ್ಟಿನ ಪೂರ್ವಜರಲ್ಲಿ ಒಮ್ಮೆ ಇಡೀ ಜೀನೋಮ್ ಇಮ್ಮಡಿಯಾಗಿದೆ. ಸುಮಾರು 550 ಜೋಡಿ ಜೀನ್‌ಗಳು ಈಗಲೂ ಉಳಿದಿವೆ. ಟಿಇಎಫ್1 ಮತ್ತು ಟಿಇಎಫ್2 ಒಂದೇ ಪ್ರೋಟೀನ್ ಕೊಡುತ್ತವೆ, ಸಾಮ್ಯ ಹುಡುಕುವ ಬ್ಲಾಸ್ಟ್‌ಗೆ ಎರಡೂ ಶೇ. 100. ಯಾವುದು ಯಾವುದು ಎಂದು ಹೇಳುವುದು ಅಕ್ಕಪಕ್ಕದ ಜೀನ್‌ಗಳ ಕ್ರಮ ಮಾತ್ರ. ಯೀಸ್ಟ್ ಜೀನ್ ಆರ್ಡರ್ ಬ್ರೌಸರಿನಲ್ಲಿ ಅದನ್ನು ನೋಡಿ.

ಕೆಲಸದ ವಿವರಕ್ಕೆ ಜೀನ್ ಆಂಟಾಲಜಿ ಪದಗಳನ್ನು ಬಳಸುವಾಗ ಪುರಾವೆಯ ಸಂಕೇತ ಬಿಡಬೇಡಿ. ನೇರ ಪ್ರಯೋಗಕ್ಕೆ ಐಡಿಎ, ಮ್ಯುಟೆಂಟ್ ಗುಣಕ್ಕೆ ಐಎಂಪಿ, ಬರೇ ಸಾಮ್ಯಕ್ಕೆ ಐಎಸ್‌ಎಸ್, ಯಂತ್ರದ ಊಹೆಗೆ ಐಇಎ. ಯಂತ್ರದ ಊಹೆಯನ್ನು ನಕಲು ಮಾಡಿ ಐಎಸ್‌ಎಸ್ ಎಂದು ಬರೆದರೆ, ಮುಂದಿನವರು ಅದನ್ನು ಯಾರೋ ಕೂತು ನೋಡಿದ್ದಾರೆ ಎಂದು ನಂಬುತ್ತಾರೆ. ಡೇಟಾಬೇಸ್‌ಗಳಲ್ಲಿ ತಪ್ಪು ಹಬ್ಬುವುದು ಹೀಗೆಯೇ.

ಹೊಸ ಜೀನಿಗೆ ಹೆಸರು ಮೂರು ಅಕ್ಷರ, ಒಂದು ಸಂಖ್ಯೆ. ಎಸ್‌ಜಿಡಿಯಲ್ಲಿ ಮೊದಲು ಕಾದಿರಿಸಬೇಕು. ಪ್ರಬಂಧ ಪ್ರಕಟವಾದ ಮೇಲೆ ಅದು ಅಧಿಕೃತ ಹೆಸರಾಗುತ್ತದೆ.

ದಾಖಲೆ, ಸಲ್ಲಿಕೆ

ಪ್ರತಿ ತಿದ್ದುಪಡಿಗೂ ಒಂದು ಸಾಲು ಬರೆದಿಡಿ: ದಿನಾಂಕ, ಆವೃತ್ತಿ, ಜೀನಿನ ವಿಳಾಸ ಹೆಸರು, ಹಳೆಯ ಗಡಿ, ಹೊಸ ಗಡಿ, ಪುರಾವೆಯ ಬಗೆ, ದತ್ತಾಂಶದ ಅಕ್ಸೆಶನ್ ಸಂಖ್ಯೆ, ನಿರ್ಧರಿಸಿದವರು. ಜಿಎಫ್‌ಎಫ್ ಫೈಲನ್ನು ಗಿಟ್‌ನಲ್ಲಿಟ್ಟು ಒಂದು ತಿದ್ದುಪಡಿಗೆ ಒಂದು ಕಮಿಟ್ ಮಾಡಿ. ಐವತ್ತು ಬದಲಾವಣೆ ಒಟ್ಟಿಗೆ ಹಾಕಿದರೆ ಆಮೇಲೆ ಒಂದನ್ನು ಮಾತ್ರ ಹಿಂದೆ ತೆಗೆಯಲು ಹೆಣಗಬೇಕಾಗುತ್ತದೆ.

ಎಸ್288ಸಿಯ ತಿದ್ದುಪಡಿಯನ್ನು ಎಸ್‌ಜಿಡಿಯ ಕ್ಯುರೇಟರ್‌ಗಳಿಗೆ ಬರೆಯಿರಿ. ಹಳೆಯ, ಹೊಸ ಪ್ರೋಟೀನ್ ಎರಡನ್ನೂ, ಜೋಡಣೆಯ ಚಿತ್ರವನ್ನೂ, ಪ್ರಬಂಧದ ಪಬ್‌ಮೆಡ್ ಸಂಖ್ಯೆಯನ್ನೂ ಸೇರಿಸಿ. ಅಲ್ಲಿ ಒಪ್ಪಿದ್ದು ರೆಫ್‌ಸೀಕ್‌ಗೆ ಹೋಗುತ್ತದೆ. ಯುನಿಪ್ರಾಟ್ ಬೇರೆ ಸಂಸ್ಥೆ, ಅಲ್ಲಿಗೆ ಪ್ರತ್ಯೇಕವಾಗಿ ತಿಳಿಸಬೇಕು.

ನಿಮ್ಮದೇ ತಳಿಯಾದರೆ ಜೆನ್‌ಬ್ಯಾಂಕ್‌ಗೆ ಬಯೋಪ್ರಾಜೆಕ್ಟ್, ಬಯೋಸ್ಯಾಂಪಲ್, ಲೋಕಸ್ ಟ್ಯಾಗ್ (ಜೀನಿನ ಗುರುತು) ಪಡೆದು, ಟೇಬಲ್‌2ಎಎಸ್ಎನ್ ಉಪಕರಣದಿಂದ ಸಲ್ಲಿಕೆಯ ಫೈಲ್ ತಯಾರಿಸಿ. ಅದು ಕೊಡುವ ದೋಷಪಟ್ಟಿಯಲ್ಲಿ ‘ಫೇಟಲ್’ ಎಂದಿರುವುದನ್ನೆಲ್ಲ ಮುಗಿಸಿಯೇ ಕಳಿಸಿ. ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲೂ 2022ರಿಂದ ಠೇವಣಿ ಇಡಬಹುದು. ಯೀಸ್ಟಿನ ತಳಿಯನ್ನು ಚಂಡೀಗಢದ ಸೂಕ್ಷ್ಮಜೀವಿ ತಳಿಗಳ ಭಂಡಾರ ಎಂಟಿಸಿಸಿಗೆ ಕೊಟ್ಟು ಸಂಖ್ಯೆ ಪಡೆಯಿರಿ. ತಳಿ ಕೈಗೆ ಸಿಗದಿದ್ದರೆ ನಿಮ್ಮ ಗಡಿಗಳನ್ನು ಬೇರೆಯವರು ಪರೀಕ್ಷಿಸಲು ಆಗದು. ಮುಂದೆ ಅನೊಟೇಶನ್ ಪರಿಷ್ಕರಿಸಿದಾಗ ಲೋಕಸ್ ಟ್ಯಾಗ್ ಬದಲಿಸಬೇಡಿ, ಒಮ್ಮೆ ಕೊಟ್ಟು ಕೈಬಿಟ್ಟ ಟ್ಯಾಗನ್ನು ಇನ್ನೊಂದು ಜೀನಿಗೆ ಹಚ್ಚಬೇಡಿ.

ಗಡಿ ಬದಲಾದ ದಿನವೇ ಲ್ಯಾಬಿನ ಪ್ರೈಮರ್ ಪಟ್ಟಿಯನ್ನೂ ತೆರೆದು ನೋಡಿ. ಹಳೆಯ ಎಟಿಜಿಗೆ ಹೊಂದಿಸಿ ತರಿಸಿದ ಕ್ಲೋನಿಂಗ್ ಪ್ರೈಮರ್ ಫ್ರೀಜರಿನಲ್ಲೇ ಇರುತ್ತದೆ. ಟ್ಯೂಬಿನ ಮೇಲೆ ಹೊಸ ಲೇಬಲ್ ಅಂಟಿಸದಿದ್ದರೆ ಮುಂದಿನ ವರ್ಷ ಬರುವ ವಿದ್ಯಾರ್ಥಿ ಅದರಿಂದಲೇ ತಪ್ಪು ಉದ್ದದ ಪ್ರೋಟೀನ್ ತಯಾರಿಸುತ್ತಾರೆ.